ಗುಡ್ಡಕ್ಕೆ ಗಡಿಕಲ್ಲು ಬಂದ ಬಗೆ: ನಮ್ಮ ಅರಣ್ಯ, ನಮ್ಮ ಹಕ್ಕು, ನಮ್ಮ ಹೊಣೆ

(ಸಂಘದ ಬೆಳ್ಳಿ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕ, ಶೇರು, ಠೇವು, ವಸೂಲಿ ಇವನ್ನೆಲ್ಲಾ ನಮಗಿಂತ ತಿಳಿದವರು ಹೇಳಿದ್ದಾರೆ. ನಮಗೆ ಕೊಟ್ಟ ವಿಷಯ ಅರಣ್ಯ. "ಸೊಸೈಟಿಯವರಿಗೂ ಅಡವಿಗೂ ಏನ್ರಿ ಸಂಬಂಧ?" ಅಂತ ನಿನ್ನೆ ಒಬ್ಬರು ಕೇಳಿದರು. ಸಂಬಂಧ ಐತಿ. ನಮ್ಮ ಸಂಘ ಬೀಜ ಗೊಬ್ಬರಕ್ಕೆ ಹೆಂಗ ಸಾಲ ಕೊಡತೈತಿ, ಹಂಗೇ ಕುರಿ, ಆಡು, ಎಮ್ಮಿಗೂ ಕೊಡತೈತಿ. ಸಾಲದ ಪುಸ್ತಕದಾಗ ಕುರಿ ಬರೆದಿರತೈತಿ, ಆದರೆ ಆ ಕುರಿಯ ಹೊಟ್ಟಿ ತುಂಬೋದು ಗುಡ್ಡದಾಗ. ಗುಡ್ಡ ಬೋಳಾದರೆ ಕಂತು ನಿಲ್ಲತೈತಿ. ಗುಡ್ಡಕ್ಕೆ ಬಿಡಬ್ಯಾಡ ಅಂದರೂ ಕಂತು ನಿಲ್ಲತೈತಿ. ಅದಕ್ಕೆ ಈ ಗುಡ್ಡ ಯಾರದು, "ಮೀಸಲು ಅರಣ್ಯ" ಅನ್ನೋ ಬೋರ್ಡು ಯಾವಾಗ ಬಂತು, ಅದರ ಕಾಯಿದೆ ಏನು ಹೇಳತೈತಿ ಅನ್ನೋದು ಪ್ರತಿಯೊಬ್ಬ ಸದಸ್ಯರಿಗೂ ಗೊತ್ತಿರಬೇಕು. ನಾವು ಎಸ್ಸೆಸ್ಸೆಲ್ಸಿ ಓದಿದ ರೈತರು, ವಕೀಲರಲ್ಲ. ಓದಿ, ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ.

ನಮ್ಮ ಸೀಮೆಯ ಅಡವಿ ಅಂದರೆ ಮಲೆನಾಡಿನ ದಟ್ಟ ಕಾಡಲ್ಲ. ಬಾದಾಮಿ, ಗುಳೇದಗುಡ್ಡದ ಕೆಂಪು ಮರಳುಗಲ್ಲಿನ ಗುಡ್ಡಗಳು, ಹುನಗುಂದ ಇಳಕಲ್ಲ ಕಡೆಯ ಗ್ರಾನೈಟ್ ದಿಬ್ಬಗಳು, ಬೀಳಗಿ ಮುಧೋಳ ನಡುವಿನ ಕುರುಚಲು. ಅದರಾಗ ಕಾರೆ, ಬಾರಿ, ಜಾಲಿ, ತಂಗಡಿ, ಅಲ್ಲಲ್ಲಿ ಬೇವು, ಬನ್ನಿ. ಹೊರಗಿನವರು ನೋಡಿದರೆ "ಇದೂ ಒಂದು ಕಾಡೇ?" ಅಂತಾರೆ. ಆದರೆ ಮಳೆ ಕಡಿಮೆ ಇರುವ ಈ ನಾಡಿನಾಗ ಮಳೆನೀರು ಹಿಡಿದು ಭಾವಿಗೆ ಕೊಡೋದು ಇದೇ ಕುರುಚಲು. ಬ್ಯಾಸಗಿಯಾಗ ಆಡು ಕುರಿ ಜೀವ ಹಿಡಿಯೋದೂ ಇದರಿಂದಲೇ.

ಹಿಂದೆ ಗುಡ್ಡಕ್ಕೆ ಬರೆದ ಕಾಯಿದೆ ಇದ್ದಿಲ್ಲ, ರೂಢಿ ಇತ್ತು. ಯಾವ ಊರಿನ ದನ ಎಲ್ಲಿತನಕ ಮೇಯಬೇಕು, ದೇವರ ಹೆಸರಿಗೆ ಬಿಟ್ಟ ಮರಕ್ಕೆ ಕೊಡಲಿ ಹಾಕಬಾರದು ಅಂತ ಹಿರಿಯರೇ ಗೊತ್ತುಮಾಡುತ್ತಿದ್ದರು. 1818ರಲ್ಲಿ ಪೇಶ್ವೆಯರ ಆಡಳಿತ ಮುಗಿದು ನಮ್ಮ ಭಾಗ ಕಂಪನಿ ಸರಕಾರದ ಕೈಗೆ ಹೋಯಿತು. ಮುಧೋಳ, ಜಮಖಂಡಿ ಮಾತ್ರ ಸಂಸ್ಥಾನಗಳಾಗಿ ಉಳಿದವು. ಕಂಪನಿಯವರಿಗೆ ಹಡಗು ಕಟ್ಟಲಿಕ್ಕೆ ಸಾಗವಾನಿ ಬೇಕಾಗಿತ್ತು. ಅದಕ್ಕೆ 1847ರಲ್ಲಿ ಮುಂಬಯಿ ಇಲಾಖೆಗೆ ಡಾ. ಅಲೆಕ್ಸಾಂಡರ್ ಗಿಬ್ಸನ್ ಎಂಬವರನ್ನು ಅರಣ್ಯ ಸಂರಕ್ಷಣಾಧಿಕಾರಿ ಎಂದು ನೇಮಿಸಿದರು. ಮುಂದೆ ರೈಲು ಬಂತು. ಹಳಿಯ ಕೆಳಗೆ ಹಾಸಲಿಕ್ಕೆ ಕಟ್ಟಿಗೆಯ ದಿಮ್ಮಿ ಲೆಕ್ಕವಿಲ್ಲದಷ್ಟು ಬೇಕಾದವು. 1864ರಲ್ಲಿ ಇಡೀ ದೇಶಕ್ಕೆ ಅರಣ್ಯ ಇಲಾಖೆ ಸ್ಥಾಪಿಸಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರನ್ನು ಅದರ ಮೊದಲ ಮುಖ್ಯಸ್ಥರನ್ನಾಗಿ ಮಾಡಿದರು. ಆಗ ನಮ್ಮದು ಕಲಾದಗಿ ಜಿಲ್ಲೆ. ಬಿಜಾಪುರಕ್ಕೆ ಮುಖ್ಯ ಠಾಣೆ ಹೋದದ್ದು ಆಮೇಲೆ.

ಇನ್ನು ಮುಖ್ಯವಾದ ವರ್ಷ 1878. ಆ ವರ್ಷದ ಅರಣ್ಯ ಕಾಯಿದೆ ಅಡವಿಯನ್ನು ಮೂರು ಬಗೆಯಾಗಿ ಮಾಡಿತು. ಮೊದಲನೆಯದು ಮೀಸಲು ಅರಣ್ಯ. ಇಲ್ಲಿ ಪರವಾನಗಿ ಕೊಟ್ಟದ್ದು ಬಿಟ್ಟು ಉಳಿದದ್ದೆಲ್ಲಾ ಮನಾಯಿ. ಎರಡನೆಯದು ರಕ್ಷಿತ ಅರಣ್ಯ. ಇಲ್ಲಿ ಮನಾಯಿ ಮಾಡಿದ್ದು ಬಿಟ್ಟು ಉಳಿದದ್ದಕ್ಕೆ ಅವಕಾಶ. ಮೂರನೆಯದು ಗ್ರಾಮ ಅರಣ್ಯ, ಅಂದರೆ ಊರಿನ ಕೈಗೇ ವಹಿಸಿ ಕೊಡುವಂಥದ್ದು. ಮೊದಲಿನ ಎರಡು ಬಾಗಿಲು ಅಗಲ ತೆರೆದವು. ಮೂರನೆಯ ಬಾಗಿಲು ಕಾಗದದಾಗ ಇತ್ತು, ಅದನ್ನು ತೆರೆದದ್ದು ಬಹಳ ಅಪರೂಪ. ಈ ಮಾತು ನೆನಪಿಡ್ರಿ, ಮುಂದೆ ಮತ್ತೆ ಬರತೈತಿ.

ಒಂದು ಗುಡ್ಡ ಮೀಸಲು ಆಗಬೇಕಾದರೆ ಅದಕ್ಕೊಂದು ಕ್ರಮ ಐತಿ. ಸರಕಾರ ಮೊದಲು "ಈ ಜಾಗ ಮೀಸಲು ಮಾಡಬೇಕು ಅಂತೀವಿ" ಎಂದು ಪ್ರಕಟಣೆ ಹೊರಡಿಸಬೇಕು. ಅರಣ್ಯ ವ್ಯವಸ್ಥಾಪನಾಧಿಕಾರಿ ಎಂಬವರು ಬಂದು, ಊರ ಭಾಷೆಯಾಗ ಡಂಗುರ ಸಾರಿಸಿ, ದನ ಮೇಯಿಸುವ ಹಕ್ಕು, ದಾರಿ, ನೀರು, ಕಟ್ಟಿಗೆಯ ಹಕ್ಕು ಯಾರಿಗೆ ಐತೋ ಅವರು ಅರ್ಜಿ ಕೊಡ್ರಿ ಅಂತ ಕನಿಷ್ಠ ಮೂರು ತಿಂಗಳ ಮುದ್ದತು ಕೊಡಬೇಕು. ವಿಚಾರಣೆ ಮುಗಿದ ಮೇಲೆ ಕಡೆಯ ಪ್ರಕಟಣೆ. ಆ ಕಡೆಯ ಪ್ರಕಟಣೆ ಆಯಿತೆಂದರೆ, ಬರೆಸದೇ ಉಳಿದ ಹಕ್ಕು ಹೋದಂಗೇ.

ಕೇಳಲಿಕ್ಕೆ ಕ್ರಮ ಚೊಲೋ ಐತಿ. ಆದರೆ ನಮ್ಮ ಜಿಲ್ಲೆಯ ಸ್ಥಿತಿ ಆಗ ಏನಿತ್ತು? 1876ರಿಂದ 1878ರವರೆಗೆ ದೊಡ್ಡ ಬರ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಸತ್ತವರು ಸತ್ತರು, ಉಳಿದವರು ಗುಳೆ ಹೋದರು. ಅಂಥ ಹೊತ್ತಿನಾಗ ಬಂದ ಕಾಯಿದೆ ಅದು. ಅಕ್ಷರ ಬಾರದ ಕುರಿಗಾರ, ಬರದಾಗ ಊರು ಬಿಟ್ಟ ಒಕ್ಕಲಿಗ, ಮೂರು ತಿಂಗಳಾಗ ಬಂದು ಅರ್ಜಿ ಬರೆಸೋದು ಎಷ್ಟರ ಮಟ್ಟಿಗೆ ಸಾಧ್ಯ ಅನ್ನೋದನ್ನು ತಾವೇ ವಿಚಾರ ಮಾಡ್ರಿ.

ದೇಶದ ಬೇರೆ ಕಡೆಯೂ ಗದ್ದಲ ಆತು. ಮುಂಬಯಿ ಇಲಾಖೆಯ ಠಾಣೆ, ಕೊಲಾಬಾ ಜಿಲ್ಲೆಯವರ ತಕರಾರು ಎಷ್ಟು ಜೋರಾಯಿತೆಂದರೆ 1885ರಲ್ಲಿ ಸರಕಾರ ಒಂದು ಅರಣ್ಯ ಆಯೋಗವನ್ನೇ ನೇಮಿಸಬೇಕಾಯಿತು. 1894ರಲ್ಲಿ ಮೊದಲ ಅರಣ್ಯ ನೀತಿ ಬಂತು. ಅದರಾಗ ಗುಡ್ಡ ಉಳಿಸಲಿಕ್ಕೆ ಇರುವ ಕಾಡು, ದೊಡ್ಡ ಮರದ ಕಾಡು, ಉರುವಲು ಮೇವಿನ ಸಣ್ಣ ಕಾಡು, ಬರೀ ಹುಲ್ಲುಗಾವಲು ಅಂತ ನಾಲ್ಕು ಭಾಗ ಮಾಡಿದರು. ನಮ್ಮಂಥ ಬಯಲುಸೀಮೆಗೆ ಮೇವೇ ಮುಖ್ಯ ಎಂಬ ಮಾತು ಸರಕಾರದ ಕಾಗದದಾಗ ಬಂದದ್ದು ಆಗ. 1927ರಲ್ಲಿ ಕಾಯಿದೆಯನ್ನು ಮತ್ತೆ ಬರೆದರು. ಆದರೆ ಅದರ ಕಟ್ಟು 1878ರದ್ದೇ. 1930ರ ಕಾನೂನು ಭಂಗ ಚಳವಳಿಯ ಕಾಲಕ್ಕೆ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಅರಣ್ಯ ಸತ್ಯಾಗ್ರಹ ಆದವು. ಉಪ್ಪಿನ ಕಾಯಿದೆ ಮುರಿದ ಹಂಗೇ ಅಡವಿ ಕಾಯಿದೆಯನ್ನೂ ಮಂದಿ ಮುರಿದು ಜೈಲಿಗೆ ಹೋದರು.

ಇದೇ ಹೊತ್ತಿನಾಗ ಇನ್ನೊಂದು ಸಂಗತಿ ನಡೆದಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಸಹಕಾರಿ ಸಂಘ ಕಟ್ಟಿದರು. ಅದೇ ಸರಕಾರ ದುಡ್ಡಿನ ವಿಷಯದಾಗ ಊರವರನ್ನು ನಂಬಿತು. ಲೆಕ್ಕ ಬರೀರಿ, ಸಭೆ ಕರೀರಿ, ನೀವೇ ನಡೆಸ್ರಿ ಅಂತು. ಅಡವಿಯ ವಿಷಯದಾಗ ಮಾತ್ರ ಊರವರನ್ನು ನಂಬಲಿಲ್ಲ. ಈ ಭೇದವನ್ನು ಸಂಘದ ಸದಸ್ಯರಾದ ನಾವು ಗಮನಿಸಬೇಕು.

ಸ್ವಾತಂತ್ರ್ಯ ಬಂತು. 1948ರಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ಕ್ಕೆ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಒಂದೇ ರಾಜ್ಯದಾಗ ಮುಂಬಯಿ, ಹೈದರಾಬಾದ, ಮದ್ರಾಸ, ಕೊಡಗು, ಹಳೆ ಮೈಸೂರು ಅಂತ ಬೇರೆ ಬೇರೆ ಅರಣ್ಯ ಕಾನೂನು ಇದ್ದವು. ಎಲ್ಲವನ್ನೂ ಕೂಡಿಸಿ 1963ರ ಅರಣ್ಯ ಕಾಯಿದೆ ಮಾಡಿದರು. ಈಗ ಕರ್ನಾಟಕ ಅರಣ್ಯ ಕಾಯಿದೆ ಅನ್ನೋದು ಅದೇ. ಫಾರೆಸ್ಟ್‌ನವರು "ಇದು ಸೆಕ್ಷನ್ 4, ಇದು ಸೆಕ್ಷನ್ 17" ಅಂತಾರಲ್ಲ, ಅದರ ಅರ್ಥ ಇಷ್ಟೇ: 4 ಅಂದರೆ ಮೀಸಲು ಮಾಡುವ ಇರಾದೆಯ ಪ್ರಕಟಣೆ, 17 ಅಂದರೆ ಕಡೆಯ ಪ್ರಕಟಣೆ. ನಮ್ಮ ಗುಡ್ಡ ಯಾವ ಮೆಟ್ಟಿಲ ಮೇಲೆ ಐತಿ ಅನ್ನೋದರ ಮೇಲೆ ನಮ್ಮ ಹಕ್ಕಿನ ಮಾತು ನಿಂತಿರತೈತಿ.

ಆಮೇಲೆ ದಿಲ್ಲಿಯ ಕೈ ಬಲ ಆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1976ರ ಸಂವಿಧಾನ ತಿದ್ದುಪಡಿಯಿಂದ ಅರಣ್ಯ ಕೇಂದ್ರ, ರಾಜ್ಯ ಎರಡರ ಪಟ್ಟಿಗೂ ಸೇರಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಇಳಕಲ್ಲ ಭಾಗದ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗತೈತಿ. ಆದರೆ ಕಲ್ಲು ಅರಣ್ಯದ ಗಡಿಯೊಳಗೆ ಇದ್ದರೆ ಬರೀ ಗಣಿ ಇಲಾಖೆಯ ಕಾಗದ ಸಾಲದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಾಗ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ದಫ್ತರದಾಗ ಅರಣ್ಯ ಅಂತ ಬರೆದದ್ದೆಲ್ಲಾ, ಒಡೆತನ ಯಾರದೇ ಇರಲಿ, ಈ ಕಾಯಿದೆಗೆ ಸೇರತೈತಿ ಅಂತು. 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿ ಆಗಿ ಹೆಸರೂ ಬದಲಾಗಿದೆ.

ಈ ಕಾಯಿದೆಗಳಿಂದ ಗುಡ್ಡ ಉಳಿದದ್ದು ಖರೆ. ಇಲ್ಲಾಂದ್ರ ಎಷ್ಟೋ ಗುಡ್ಡ ಕ್ವಾರಿಯಾಗಿ, ಸೈಟಾಗಿ ಹೋಗುತ್ತಿದ್ದವು. ಅದನ್ನು ನಾವು ಒಪ್ಪಲೇಬೇಕು. ಆದರೆ ಊರಿನ ಜಾಗ ಊರವರನ್ನು ಕೇಳದೆ ಹೋದ ಉದಾಹರಣೆಯೂ ಐತಿ. 1984ರಲ್ಲಿ ಸರಕಾರ ಮತ್ತು ಒಂದು ಖಾಸಗಿ ಕಾರಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸಾಮಾನ್ಯ ಭೂಮಿಯಾಗ ನೀಲಗಿರಿ ಹಚ್ಚಲಿಕ್ಕೆ ಹೊರಟವು. ಮೇವು, ಉರುವಲು ಬರುತ್ತಿದ್ದ ಜಾಗ ನೀಲಗಿರಿ ಆದರೆ ದನ ಏನು ತಿನ್ನಬೇಕು? 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಾಗ ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಾಗ ರೈತರು ನೀಲಗಿರಿ ಸಸಿ ಕಿತ್ತು, ಉಪಯೋಗಕ್ಕೆ ಬರುವ ಗಿಡ ಹಚ್ಚಿದರು. "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು ಬಂತು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಬರೀ ಕಿತ್ತಿದ್ದರೆ ಅದು ಗಲಾಟೆ ಆಗುತ್ತಿತ್ತು. ಕಿತ್ತ ಜಾಗದಾಗ ಹಚ್ಚಿದ್ದಕ್ಕೆ ಅದು ಸತ್ಯಾಗ್ರಹ ಆಯಿತು.

ಅಷ್ಟೊತ್ತಿಗೆ ಸರಕಾರದ ವಿಚಾರವೂ ಬದಲಾಗಿತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನಿಂದ ಬರುವ ಆದಾಯಕ್ಕಿಂತ ನಿಸರ್ಗದ ಸಮತೋಲ ಮತ್ತು ಸುತ್ತಲಿನ ಜನರ ಮೇವು ಉರುವಲು ಮೊದಲು ಅಂತು. ಪಶ್ಚಿಮ ಬಂಗಾಳದ ಅರಬಾರಿ ಎಂಬಲ್ಲಿ 1970ರ ದಶಕದ ಮೊದಲಿಗೆ ಅಜಿತ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿ, ಕಾಯುವ ಊರವರಿಗೆ ಕಾಡಿನ ಹುಟ್ಟುವಳಿಯಾಗ ನಾಲ್ಕಾಣೆ ಪಾಲು ಕೊಡುತ್ತೇವೆ ಅಂತ ಮಾತು ಕೊಟ್ಟು, ಬೋಳಾಗಿದ್ದ ಸಾಲ್ ಕಾಡನ್ನು ಮತ್ತೆ ಎಬ್ಬಿಸಿ ತೋರಿಸಿದ್ದರು. ಅದೇ ದಾರಿಯಾಗ 1990ರಲ್ಲಿ ಕೇಂದ್ರದ ಸುತ್ತೋಲೆ, 1993ರಲ್ಲಿ ಕರ್ನಾಟಕದ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. 1878ರಲ್ಲಿ ಮುಚ್ಚಿದ್ದ ಮೂರನೆಯ ಬಾಗಿಲು ಸ್ವಲ್ಪ ಸಂದು ಬಿಟ್ಟಿತು ಅನ್ನಬಹುದು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆ ಆದ ಮೇಲೆ ಕಚೇರಿಯೂ ಹತ್ತಿರ ಬಂತು.

ಆದರೆ ಸಮಿತಿಗಳು ಎಲ್ಲಾ ಕಡೆ ನಿಲ್ಲಲಿಲ್ಲ. ಯಾಕೆ? ನಮ್ಮ ಸಂಘದ ಅನುಭವದಿಂದ ಹೇಳುತ್ತೇವೆ. ಎಲ್ಲಿ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಆಗತೈತಿ, ಲೆಕ್ಕ ಎಲ್ಲರ ಮುಂದೆ ಓದತಾರ, ಅಲ್ಲಿ ಸಂಸ್ಥೆ ನಿಲ್ಲತೈತಿ. ಎಲ್ಲಿ ದುಡ್ಡು ಬಂದಾಗ ಸಮಿತಿ, ದುಡ್ಡು ಮುಗಿದಾಗ ಇಲ್ಲ, ಅಲ್ಲಿ ನಿಲ್ಲಂಗಿಲ್ಲ. ಇನ್ನೊಂದು ಮಾತು. ದಿನಾ ಗುಡ್ಡಕ್ಕೆ ಹೋಗುವ ಕುರಿಗಾರ, ಕಟ್ಟಿಗೆ ತರುವ ಹೆಣ್ಣುಮಗಳು ಸಮಿತಿಯಾಗ ಇರದೇ, ಗುಡ್ಡ ಹತ್ತದ ನಾವೇ ನಾಲ್ಕು ಮಂದಿ ಕುಂತು ನಿರ್ಣಯ ಬರೆದರೆ ಅದು ಪುಸ್ತಕದಾಗೇ ಉಳಿಯತೈತಿ.

ಈಗ ನಮ್ಮ ಜಿಲ್ಲೆಯ ಹೊಸ ಅಧ್ಯಾಯಕ್ಕೆ ಬರೋಣ. 2016ರಲ್ಲಿ ಬೀಳಗಿ, ಮುಧೋಳ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಅರಣ್ಯವನ್ನು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿದರು. ಚಿಂಕಾರ ಅಂದರೆ ನಮ್ಮ ಚಿಗರಿಗಿಂತ ಸಣ್ಣ ಜಾತಿಯ ಹುಲ್ಲೆ. ದಿನಗಟ್ಟಲೆ ನೀರು ಕುಡಿಯದೆ ಎಲೆ, ಹುಲ್ಲಿನ ತೇವದಾಗೇ ಬದುಕಬಲ್ಲ ಪ್ರಾಣಿ. ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಾಗ ಇರುವಂಥದ್ದು, ಬೇಟೆಯಾಡಿದರೆ ದೊಡ್ಡ ಅಪರಾಧ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದ್ದು. ಚಿಂಕಾರಕ್ಕೆ ಅಂತ ನಮ್ಮದಾದ ಮೇಲೆ 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಾಗೂ ಧಾಮ ಆಯಿತು. "ಇದೂ ಒಂದು ಕಾಡೇ?" ಅಂತ ಕೇಳುವವರಿಗೆ ಇದೇ ಉತ್ತರ. ಈ ಪ್ರಾಣಿಗೆ ಬೇಕಾದದ್ದು ದಟ್ಟ ಕಾಡಲ್ಲ, ನಮ್ಮ ಬಯಲ ಕುರುಚಲೇ. ಅದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಕೊಡುವುದಿಲ್ಲ ಅಂತ ಇಂಗ್ಲಿಷರ ಎದುರು ನಿಂತವರು. ಅಡವಿಯ ಸಂಗಡ ಬದುಕಿದ ಮಂದಿಯ ನೆಲ ಅದು.

ಧಾಮ ಆಯಿತೆಂದರೆ ಸುತ್ತಲಿನ ಹಳ್ಳಿಯವರಿಗೆ ಅಂಜಿಕೆ. "ನಾಳೆ ಕುರಿ ಬಿಡಂಗಿಲ್ಲಂತ, ಹೊಲಕ್ಕೆ ಹೋಗಂಗಿಲ್ಲಂತ" ಅಂತ ಸುದ್ದಿ ಹಬ್ಬತೈತಿ. 2025ರ ಜೂನ್ ತಿಂಗಳಾಗ ಮಲೆಮಹದೇಶ್ವರ ವನ್ಯಧಾಮದಾಗ ವಿಷ ಹಾಕಿದ ಹಸುವಿನ ಹೆಣ ತಿಂದು ಒಂದು ತಾಯಿಹುಲಿ, ನಾಲ್ಕು ಮರಿ ಸತ್ತವು. ಆ ಮೇಲಿಂದ ಅರಣ್ಯದಾಗ ದನ, ಕುರಿ ಮೇಯಿಸೋದನ್ನೇ ಬಂದ್ ಮಾಡಬೇಕು ಅನ್ನೋ ಮಾತು ರಾಜ್ಯದ ತುಂಬ ಎದ್ದಿತು. ನಮ್ಮ ಕುರಿಗಾರ ಸದಸ್ಯರು ಅಂದಿನಿಂದ ನಿದ್ದಿಗೆಟ್ಟಿದ್ದಾರೆ. ಅದಕ್ಕೆ ಕಾಯಿದೆ ಏನು ಹೇಳತೈತಿ ನೋಡೋಣ.

ರಾಷ್ಟ್ರೀಯ ಉದ್ಯಾನ ಬೇರೆ, ವನ್ಯಜೀವಿಧಾಮ ಬೇರೆ. ರಾಷ್ಟ್ರೀಯ ಉದ್ಯಾನದಾಗ ದನಕರ ಮೇಯಿಸೋದು ಪೂರಾ ಮನಾಯಿ. ವನ್ಯಜೀವಿಧಾಮದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಮೇಯಿಸೋದನ್ನು ನಿಯಂತ್ರಿಸಬಹುದು, ಬೇಕಾದರೆ ನಿಲ್ಲಿಸಲೂಬಹುದು. ಅಂದರೆ ಅದು ತಾನಾಗೇ ಬಂದ್ ಆಗಂಗಿಲ್ಲ, ತಾನಾಗೇ ಮುಕ್ತವೂ ಅಲ್ಲ. ಇನ್ನೊಂದು ಕಲಮು ಬಹಳ ಮಂದಿಗೆ ಗೊತ್ತಿಲ್ಲ. ಧಾಮದ ಒಳಗೆ ಮತ್ತು ಅದರಿಂದ ಐದು ಕಿಲೋಮೀಟರ್ ಒಳಗಿನ ದನಕರಗಳಿಗೆ ಅಂಟುರೋಗದ ಲಸಿಕೆ ಹಾಕಿಸುವ ವ್ಯವಸ್ಥೆ ಆಗಬೇಕು, ಲಸಿಕೆ ಇಲ್ಲದ ದನ ಧಾಮದಾಗ ಮೇಯಂಗಿಲ್ಲ. ಹಿರೇಬೇನೆ, ಕಾಲುಬಾಯಿ ಬೇನೆ ಕುರಿಯಿಂದ ಹುಲ್ಲೆಗೂ ಹತ್ತಬಹುದು, ಅದಕ್ಕೇ ಈ ನಿಯಮ.

ಹಕ್ಕಿನ ಬಗ್ಗೆ 2006ರ ಅರಣ್ಯ ಹಕ್ಕು ಕಾಯಿದೆ ಐತಿ. 2008ರ ಜನವರಿಯಿಂದ ಅದರ ನಿಯಮಗಳು ಜಾರಿಗೆ ಬಂದವು. ಉಳುಮೆ ಹಕ್ಕು ಕೇಳೋದು ಅಷ್ಟೇ ಈ ಕಾಯಿದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಷ್ಟೇ ಅಲ್ಲ. ಮೇಯಿಸುವ ಹಕ್ಕು, ಹಂಗಾಮಿಗೆ ತಕ್ಕಂತೆ ತಿರುಗಾಡುವ ಕುರಿಗಾರರ ಹಕ್ಕು, ಊರ ಗಡಿಯೊಳಗಿನ ಅರಣ್ಯವನ್ನು ಊರೇ ಕಾಯ್ದು ಬೆಳೆಸುವ ಸಾಮುದಾಯಿಕ ಹಕ್ಕು, ಇವೂ ಅದರಾಗ ಅದಾವ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯದ ಮೇಲೆ ಬದುಕಿದವರಾಗಿರಬೇಕು. ಇತರರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಅರ್ಜಿ ಮೊದಲು ಗ್ರಾಮಸಭೆಗೆ, ಆಮೇಲೆ ಉಪವಿಭಾಗ ಸಮಿತಿಗೆ, ಕಡೆಗೆ ಜಿಲ್ಲಾಧಿಕಾರಿಗಳ ಸಮಿತಿಗೆ ಹೋಗತೈತಿ. 1878ರಲ್ಲಿ ಮೂರು ತಿಂಗಳಾಗ ಕಳಕೊಂಡದ್ದನ್ನು ಕೇಳಿ ಪಡೆಯಲಿಕ್ಕೆ ಇದೊಂದು ದಾರಿ. ಆದರೆ ಬಾಯಿಮಾತು ನಡೆಯಂಗಿಲ್ಲ, ಕಾಗದ ಬೇಕು.

ಈಗ ನಮ್ಮೂರ ಮಾತು. ಸದಸ್ಯರಾಗ ಎರಡು ಪಕ್ಷ ಅದಾವ. ಭಾವಿ ಬತ್ತಿದ ಒಕ್ಕಲಿಗರು "ಗುಡ್ಡವನ್ನು ಮೂರು ವರ್ಷ ಪೂರಾ ಮುಚ್ಚಿಸ್ರಿ, ಹುಲ್ಲು ಗಿಡ ಎದ್ದೇಳಲಿ" ಅಂತಾರೆ. ಕುರಿಗಾರರು "ಮೂರು ವರ್ಷ ನಾವು ಎಲ್ಲಿ ಹೋಗಬೇಕ್ರಿ?" ಅಂತಾರೆ. ಎರಡೂ ಮಾತು ಖರೇನೇ. ಗುಡ್ಡ ಚಿಗುರಿದರೆ ಲಾಭ ಎಲ್ಲರಿಗೂ, ಮುಚ್ಚಿದಾಗ ನಷ್ಟ ಮಾತ್ರ ಕುರಿಗಾರನಿಗೆ. ಆ ನಷ್ಟವನ್ನು ಒಬ್ಬನ ತಲೆ ಮೇಲೆ ಹೊರಿಸಿ "ಅರಣ್ಯ ಉಳಿಸಿದೆವು" ಅನ್ನೋದು ಸಹಕಾರ ತತ್ವ ಅಲ್ಲ.

ಅದಕ್ಕೆ ಸಂಘದ ಮುಂದೆ ನಾವು ಈ ಸೂಚನೆಗಳನ್ನು ಇಡುತ್ತೇವೆ.

ಒಂದು, ನಮ್ಮ ಗುಡ್ಡದ ಅರಣ್ಯ ಪ್ರಕಟಣೆ, ನಕಾಶೆ, ಗಾಯರಾಣದ ಉತಾರ ಇವುಗಳ ನಕಲನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಅರ್ಜಿ ಹಾಕಿ ತರಿಸಿ, ಸಂಘದ ಕಪಾಟಿನಾಗ ಇಡೋಣ. ಯಾವ ಸದಸ್ಯರಾದರೂ ಬಂದು ನೋಡಲಿಕ್ಕೆ ಅವಕಾಶ ಇರಲಿ.

ಎರಡು, ಗ್ರಾಮಸಭೆಯಾಗ ಅರಣ್ಯ ಹಕ್ಕು ಸಮಿತಿಯ ವಿಷಯ ಎತ್ತೋಣ. ಎಪ್ಪತ್ತು ಎಂಬತ್ತು ದಾಟಿದ ಹಿರಿಯರ ಹೇಳಿಕೆಗಳನ್ನು ಈಗಲೇ ಬರೆಸಿಕೊಳ್ಳೋಣ. ಹಿರಿಯರ ಹೇಳಿಕೆಯೂ ಈ ಕಾಯಿದೆ ಒಪ್ಪುವ ಒಂದು ಸಾಕ್ಷಿ. ಅವರು ಹೋದ ಮೇಲೆ ಅದು ಸಿಗಂಗಿಲ್ಲ.

ಮೂರು, ಗುಡ್ಡವನ್ನು ಒಮ್ಮೆಲೇ ಮುಚ್ಚೋದು ಬ್ಯಾಡ. ಅರಣ್ಯ ಇಲಾಖೆಯ ಜೊತಿ ಕುಂತು ಮಾತಾಡಿ, ಪಾಳಿ ಮೇಲೆ ಭಾಗ ಭಾಗ ಬಿಡಿಸೋಣ. ಯಾವ ಭಾಗ ಮೊದಲು ಅನ್ನೋದನ್ನು ಕುರಿಗಾರರೇ ಹೇಳಲಿ, ಗುಡ್ಡದ ಗುಟ್ಟು ಅವರಿಗೆ ಗೊತ್ತು.

ನಾಲ್ಕು, ಪಾಳಿಯಿಂದ ಯಾರ ಕುರಿಗೆ ಮೇವು ಕಡಿಮೆ ಬೀಳತೈತೋ ಅಂಥ ಸದಸ್ಯರ ಸಾಲದ ಕಂತನ್ನು ನಿಯಮದ ಒಳಗೆ ಮುಂದೂಡುವ ವಿಚಾರ ಆಡಳಿತ ಮಂಡಳಿ ಮಾಡಲಿ. ಸುಗ್ಗಿಯಾಗ ಕಣಿಕಿ, ಹೊಟ್ಟು ಖರೀದಿಸಿ ಬ್ಯಾಸಗಿಗೆ ಖರೀದಿ ದರದಾಗೇ ಕೊಡುವ ಮೇವಿನ ಬಣವಿ ಒಂದನ್ನು ಸಂಘವೇ ಒಟ್ಟಲಿ. ಭಾವಿ ಇದ್ದವರು ಅದಕ್ಕೆ ತಲಾ ಒಂದಿಷ್ಟು ಕಣಿಕಿ ಕೊಡಲಿ. ಗುಡ್ಡದ ನೀರು ಅವರ ಭಾವಿಗೇ ಬರೋದಲ್ಲವೇ?

ಐದು, ವರ್ಷಕ್ಕೆ ಎರಡು ಸಲ ಪಶು ಆಸ್ಪತ್ರೆಯವರನ್ನು ಕರೆಸಿ ಸಂಘದ ಅಂಗಳದಾಗ ಲಸಿಕೆಯ ದಿನ ಮಾಡೋಣ. ಬ್ಯಾಸಗಿಯಾಗ ಗುಡ್ಡಕ್ಕೆ ಬೆಂಕಿ ಬಿದ್ದರೆ ಓಡಿ ಹೋಗುವ ಹುಡುಗರ ಒಂದು ತಂಡ ಇರಲಿ. "ಹೊಸ ಹುಲ್ಲು ಬರಲಿ" ಅಂತ ಬೆಂಕಿ ಹಚ್ಚುವವರು ಇದ್ದರೆ, ಆ ಬೆಂಕಿಯಾಗ ಬೀಜ, ಸಸಿ ಎಲ್ಲಾ ಸುಡತಾವ ಅಂತ ತಿಳಿಹೇಳೋಣ.

ಬಾಂಧವರೇ, ಹಿನ್ನೀರಿನಾಗ ಹೊಲ ಮನಿ ಕಳಕೊಂಡ ಬಂಧುಗಳು ನಮ್ಮ ಜಿಲ್ಲೆಯಾಗ ಎಷ್ಟೋ ಮಂದಿ ಅದಾರ. ಹೋದ ನೆಲ ತಿರುಗಿ ಬರಂಗಿಲ್ಲ ಅನ್ನೋದು ನಮಗೆ ಬ್ಯಾರೆಯವರು ಹೇಳಬೇಕಾಗಿಲ್ಲ. ಗುಡ್ಡ ಇನ್ನೂ ಇಲ್ಲೇ ಐತಿ. ಅದರ ಕಾಗದ ಸರಕಾರದ್ದು ಇರಬಹುದು, ಅದರ ನೀರು, ನೆರಳು, ಮೇವು ನಮ್ಮದು. ಹಕ್ಕು ಬೇಕು ಅನ್ನುವವರು ಕಾಯುವ ಹೊಣೆಯನ್ನೂ ಹೊರಬೇಕು. ಕಾಯ್ರಿ ಅನ್ನುವವರು ಹಕ್ಕನ್ನೂ ಕೊಡಬೇಕು. ಎರಡೂ ಕೂಡಿದರೆ ಅದೇ ಸಹಕಾರ.

ಈ ಸೂಚನೆಗಳ ಮೇಲೆ ಬರುವ ಸರ್ವಸಾಧಾರಣ ಸಭೆಯಾಗ ತಾವೆಲ್ಲರೂ ಬಂದು ಮಾತಾಡಬೇಕು. ಒಪ್ಪದಿದ್ದರೆ ಒಪ್ಪುವುದಿಲ್ಲ ಅಂತ ಎದ್ದು ನಿಂತು ಹೇಳ್ರಿ, ಮನಿಯಾಗ ಕುಂತು ಅನಬ್ಯಾಡ್ರಿ. ವಿಶೇಷವಾಗಿ ಕುರಿಗಾರ ಸದಸ್ಯರು ಆ ದಿನ ಕುರಿ ಒಂದು ತಾಸು ತಡವಾಗಿ ಬಿಟ್ಟರೂ ಚಿಂತಿಲ್ಲ, ಸಭೆಗೆ ತಪ್ಪಬಾರದು ಅಂತ ಕೈಮುಗಿದು ಕೇಳಿಕೊಳ್ಳುತ್ತೇವೆ. 

ಜೈ ಸಹಕಾರ, ಜೈ ಕರ್ನಾಟಕ.